ಅಡಿಕೆ ತೋಟದ ತಾಮ್ರದ ಲೆಕ್ಕ

ಮೇ ತಿಂಗಳ ಕೊನೆಯ ವಾರ. ರೋಹಿಣಿ ಮಳೆ ಒಂದೆರಡು ಸಲ ಗುಡುಗಿ ಸುರಿದು ಹೋಗಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳ ಅಂಚಿನಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳು ಬಂದು ನಿಲ್ಲುವ ಕಾಲ ಇದು. ಒಂದರಲ್ಲಿ ನವಿಲಿನ ಕೊರಳಿನಂತಹ ನೀಲಿ ನೀರು, ಇನ್ನೊಂದರಲ್ಲಿ ಸೋಸಿದ ಸುಣ್ಣದ ಹಾಲಿನಂತಹ ನೀರು. ಎರಡನ್ನೂ ಕೂಡಿಸಿ ಕೋಲಿನಿಂದ ಕಲಕಿದರೆ ಆಕಾಶದ ಬಣ್ಣದ, ತೆಳು ಗಂಜಿಯಂತಹ ದ್ರಾವಣ. ತೋಟದ ಯಜಮಾನರು ಚೆನ್ನಾಗಿ ಮಸೆದ ಕತ್ತಿಯೊಂದನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಅಲಗಿನ ಹೊಳಪು ಹಾಗೆಯೇ ಇದ್ದರೆ ಕೊನೆಗಾರ ಮರ ಹತ್ತಬಹುದು. ಕೆಂಪು ಅಡರಿದ್ದರೆ ಇನ್ನಷ್ಟು ಸುಣ್ಣ ಬೀಳಬೇಕು.

ಇದೇ ಮನೆಯ ಹುಡುಗ ಹುಡುಗಿಯರು ಅದೇ ಹೊತ್ತಿಗೆ ಶಾಲೆಯ ಹೊಸ ಪುಸ್ತಕಗಳಿಗೆ ರಟ್ಟು ಹಾಕುತ್ತಿರುತ್ತಾರೆ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಪರಮಾಣು, ಅಣುಗಳ ಪಾಠವಿದೆ. ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಮುಳುಗಿಸಿಟ್ಟರೆ ಮೊಳೆಗೆ ಕಂದುಗೆಂಪು ಲೇಪ ಬರುತ್ತದೆ ಎಂಬ ಪ್ರಯೋಗವೂ ಇದೆ. ತೋಟದ ಕತ್ತಿ ಮತ್ತು ಶಾಲೆಯ ಮೊಳೆ ಹೇಳುವುದು ಒಂದೇ ಮಾತು ಎಂಬುದು ಎಷ್ಟೋ ಮಕ್ಕಳಿಗೆ ಹೊಳೆಯದೆ ಹೋಗುತ್ತದೆ. ಪರೀಕ್ಷೆಗೆ ಬರುವುದು ಮೊಳೆ ಮಾತ್ರವಾದ್ದರಿಂದ ಅವರನ್ನು ದೂರುವಂತೆಯೂ ಇಲ್ಲ.

ಈ ನೀಲಿ ದ್ರಾವಣವೇ ಬೋರ್ಡೋ. ಮಲೆನಾಡಿನಲ್ಲಿ ಬರೀ ‘ಔಷಧಿ’ ಎಂದರೂ ಇದೇ. ನೂರು ವರ್ಷಗಳಿಗೂ ಹಿಂದೆ ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಹೊರಟು ಅಡಿಕೆ ಮರದ ತಲೆಯವರೆಗೆ ಇದು ಏರಿ ಬಂದ ಕಥೆಯಲ್ಲಿ ಕಳ್ಳರೂ ಇದ್ದಾರೆ, ಶಾಲಾ ಮಾಸ್ತರರೂ ಇದ್ದಾರೆ.

ಕೊಳೆ ಎಂಬ ಶತ್ರು

ಮೊದಲು ರೋಗದ ವಿಚಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುವ ನಾಡಿನಲ್ಲಿ ಎಳೆಯ ಅಡಿಕೆ ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡು ಹಸಿರು ಕಲೆ ಕಾಣಿಸುತ್ತದೆ. ಕಲೆ ಹರಡಿ ಕಾಯಿ ಕೊಳೆಯುತ್ತದೆ, ಉದುರುತ್ತದೆ. ಉದುರಿದ ಕಾಯಿಯ ಮೇಲೆ ಹತ್ತಿಯಂತಹ ಬಿಳಿ ಬೂಷ್ಟು. ಒಂದು ಕೊನೆಗೆ ತಗುಲಿದರೆ ಗಾಳಿ ಮಳೆಗಳೇ ಅದನ್ನು ಪಕ್ಕದ ಮರಕ್ಕೆ ಹೊತ್ತೊಯ್ಯುತ್ತವೆ. ವಾರ ಹತ್ತು ದಿನಗಳಲ್ಲಿ ಮರದ ಬುಡದಲ್ಲಿ ಹಸಿರು ಕಾಯಿಗಳ ಹಾಸು. ವರ್ಷಕ್ಕೊಂದೇ ಬೆಳೆ, ಮನೆಯ ಮದುವೆ, ಮಕ್ಕಳ ಓದು, ಸೊಸೈಟಿಯ ಸಾಲ ಎಲ್ಲವೂ ಅದನ್ನೇ ನಂಬಿಕೊಂಡಿರುತ್ತವೆ. ಹಾಗಾಗಿ ‘ತೋಟಕ್ಕೆ ಕೊಳೆ ಬಂತು’ ಎಂಬ ಮಾತನ್ನು ಇಲ್ಲಿ ಯಾರೂ ಹಗುರಾಗಿ ಆಡುವುದಿಲ್ಲ. ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ಇದರ ಹೆಸರು ಮಹಾಳಿ.

ಮೂರೂ ತಾಲ್ಲೂಕುಗಳ ಪಶ್ಚಿಮದ ಅಂಚು ಘಟ್ಟಕ್ಕೆ ಒರಗಿಕೊಂಡಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನ ಹೆಸರೂ ಮಳೆಗಾಲದಲ್ಲಿ ರಾಜ್ಯದ ಅತಿ ಹೆಚ್ಚು ಮಳೆಯ ಪಟ್ಟಿಯಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಅಡಿಕೆಗೆ ನೀರು, ನೆರಳು ಬೇಕು ನಿಜ. ಆದರೆ ಅದನ್ನು ಕೊಡುವ ಮಳೆಯೇ ಕೊಳೆಯನ್ನೂ ತರುತ್ತದೆ.

ಔಷಧಿ ಬರುವ ಮೊದಲು ಇದ್ದ ಉಪಾಯ ಒಂದೇ, ಕೊನೆಗೆ ಕೊಡೆ ಹಿಡಿಯುವುದು! ಬೆಟ್ಟದ ಕರಡವನ್ನೋ ಅಡಿಕೆಯ ಹಾಳೆಯನ್ನೋ ಹೆಣೆದು ‘ಕೊಟ್ಟೆ’ ಮಾಡಿ ಪ್ರತಿ ಕೊನೆಗೂ ಕಟ್ಟುತ್ತಿದ್ದರು. ಮಳೆಯ ನೀರು ಕಾಯಿಗೆ ತಾಗದಿದ್ದರೆ ಕೊಳೆ ಇಲ್ಲ ಎಂಬುದು ಅನುಭವದಿಂದ ಕಂಡುಕೊಂಡ ಸತ್ಯ. ಸೂಕ್ಷ್ಮದರ್ಶಕ ಕಾಣದವರು ಕಂಡುಕೊಂಡ ಈ ಸತ್ಯ ಮುಂದೆ ಸೂಕ್ಷ್ಮದರ್ಶಕದಲ್ಲೂ ಸರಿಯೆಂದೇ ಕಂಡಿತು. ಆದರೆ ಎಕರೆಗೆ ಐನೂರಕ್ಕೂ ಹೆಚ್ಚು ಮರ, ಮರಕ್ಕೆ ಎರಡು ಮೂರು ಕೊನೆ. ಒಂದೆಕರೆಗೆ ಸಾವಿರಕ್ಕೂ ಮಿಕ್ಕಿ ಕೊಟ್ಟೆ ಹೆಣೆದು, ಮರ ಹತ್ತಿ ಕಟ್ಟಿ, ಮಳೆ ಮುಗಿದ ಮೇಲೆ ಬಿಚ್ಚುವುದು ಎಂದರೆ ಎಂತಹ ಕೆಲಸ ಎಂಬುದನ್ನು ಊಹಿಸಬಹುದು. ಆಳುಕಾಳು ಸಾಕಷ್ಟಿದ್ದ ಮನೆಗಳಿಗೆ ಸಾಧ್ಯ. ಉಳಿದವರಿಗೆ ದೈವವೇ ಗತಿ.

ಕೆನಡಾದಿಂದ ಬಂದ ಪಂಡಿತ

1908ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಬೆಳೆಗಳ ಕೀಟ ಮತ್ತು ರೋಗಗಳ ಅಧ್ಯಯನಕ್ಕಾಗಿ ಒಬ್ಬ ತಜ್ಞರನ್ನು ನೇಮಿಸಿಕೊಂಡಿತು. ಹೆಸರು ಲೆಸ್ಲಿ ಕೋಲ್‌ಮನ್. ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಡಾಕ್ಟರೇಟ್ ಪಡೆದದ್ದು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ. ಮುಂದೆ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಆರಂಭವಾದ ಹೆಬ್ಬಾಳದ ಕೃಷಿ ಶಾಲೆಯ ಹಿಂದೆ, ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದೆ ಅವರ ದುಡಿಮೆ ಇದೆ. ಮಂಡ್ಯದವರು ಕೋಲ್‌ಮನ್ ಹೆಸರನ್ನು ಇಂದಿಗೂ ನೆನೆಯುತ್ತಾರೆ. ಅವರು ಮೈಸೂರಿಗೆ ಬಂದ ಹೊಸತರಲ್ಲಿ ಕೈಗೆತ್ತಿಕೊಂಡ ಕೆಲಸಗಳಲ್ಲಿ ಮಲೆನಾಡಿನ ಕೊಳೆರೋಗವೂ ಒಂದು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಕೊಳೆತ ಕಾಯಿಯ ಮೇಲಿನ ಬಿಳಿ ಬೂಷ್ಟಿನಲ್ಲಿ ಕೋಲ್‌ಮನ್ ಕಂಡದ್ದು ಫೈಟಾಫ್ತೋರ ಎಂಬ ಜೀವಿಯನ್ನು. ಗ್ರೀಕ್ ಮೂಲದ ಈ ಹೆಸರಿಗೆ ‘ಗಿಡನಾಶಕ’ ಎಂದೇ ಅರ್ಥ. 1845ರಿಂದ ಕೆಲವು ವರ್ಷ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ, ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮ ತಂದದ್ದು ಇದೇ ಕುಲದ ಇನ್ನೊಂದು ಜೀವಿ. ಅಡಿಕೆಯದನ್ನು ಕೋಲ್‌ಮನ್ ಒಂದು ಪ್ರತ್ಯೇಕ ಬಗೆಯೆಂದು ಗುರುತಿಸಿ, ಅಡಿಕೆಯ ಹೆಸರನ್ನೇ ಅದಕ್ಕೆ ಸೇರಿಸಿ 1910ರಲ್ಲಿ ಪ್ರಕಟಿಸಿದರು. ಸಂಸ್ಥಾನದ ಕೃಷಿ ಇಲಾಖೆಯ ಪ್ರಕಟಣೆಯಾಗಿಯೂ ಜರ್ಮನಿಯ ಶಿಲೀಂಧ್ರ ವಿಜ್ಞಾನದ ಪತ್ರಿಕೆಯಲ್ಲಿಯೂ ಅದು ಬಂತು. (ಕಾಫಿಯ ಇನ್ನೊಂದು ರೋಗವನ್ನು ತರುವ ಶಿಲೀಂಧ್ರಕ್ಕೆ 1876ರಲ್ಲೇ ‘ಕೊಳೆರೋಗ’ ಎಂಬ ನಮ್ಮ ಪದವನ್ನೇ ಲ್ಯಾಟಿನ್ ಹೆಸರಿನೊಳಗೆ ಸೇರಿಸಲಾಗಿತ್ತು. ಕನ್ನಡ ಪದವೊಂದು ಜಗತ್ತಿನ ವಿಜ್ಞಾನಕ್ಕೆ ಹೋದ ದಾರಿ ನೋಡಿ!)

ಈ ಜೀವಿಯ ಬೀಜಕಣಗಳಿಗೆ ಬಾಲದಂತಹ ಎಳೆಗಳಿವೆ. ಅವು ಮಳೆಯ ಹನಿಯಲ್ಲಿ ಈಜುತ್ತವೆ. ಕಾಯಿಯ ಮೇಲೆ ನಿಂತ ನೀರಿನ ತೆಳುಪದರವೇ ಅವಕ್ಕೆ ಕೆರೆ. ಈಜಿ ಒಂದೆಡೆ ಅಂಟಿಕೊಂಡು, ಮೊಳೆತು, ಕಾಯಿಯೊಳಗೆ ಇಳಿಯುತ್ತವೆ. ಕೊಟ್ಟೆ ಕಟ್ಟಿದರೆ ಕೊಳೆ ಏಕೆ ಬರುವುದಿಲ್ಲ ಎಂಬುದಕ್ಕೆ ಇದೇ ಉತ್ತರ: ಈಜಲು ನೀರಿಲ್ಲ. ಹಾಗಾದರೆ ನೀರಿರುವಾಗಲೇ ಅವುಗಳನ್ನು ಕೊಲ್ಲುವುದು ಹೇಗೆ? ಆ ನೀರಿಗೇ ಅತಿ ಕಡಿಮೆ ಪ್ರಮಾಣದಲ್ಲಿ ವಿಷ ಬೆರೆಸಬೇಕು. ಕಾಯಿಗೆ ಬಾಧಕವಾಗಬಾರದು, ಮಳೆಗೆ ತೊಳೆದೂ ಹೋಗಬಾರದು. ಅಂತಹ ವಸ್ತುವೊಂದು ಅಷ್ಟರಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದಿತ್ತು.

ಕಳ್ಳರ ಕಾಟದಿಂದ ಹುಟ್ಟಿದ ಔಷಧಿ

ಫ್ರಾನ್ಸಿನ ಬೋರ್ಡೋ ನಗರದ ಸುತ್ತ ದ್ರಾಕ್ಷಿ ತೋಟಗಳು. 1878ರ ಸುಮಾರಿಗೆ ಅಮೆರಿಕದಿಂದ ಬಂದ ಒಂದು ಬೂಷ್ಟು ರೋಗ ಅಲ್ಲಿನ ಬಳ್ಳಿಗಳ ಎಲೆಯುದುರಿಸಲು ಆರಂಭಿಸಿತ್ತು. 1882ರ ಅಕ್ಟೋಬರ್‌ನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಪಿಯರ್ ಮಿಲಾರ್ಡೆ ಅಂತಹ ತೋಟಗಳ ನಡುವೆ ಹೋಗುತ್ತಿದ್ದಾಗ ಒಂದು ವಿಚಿತ್ರ ಕಂಡರು. ತೋಟದ ಒಳಗಿನ ಬಳ್ಳಿಗಳೆಲ್ಲ ಬೋಳು. ರಸ್ತೆಯ ಅಂಚಿನ ಸಾಲುಗಳು ಮಾತ್ರ ಹಸಿರು. ವಿಚಾರಿಸಿದಾಗ ತಿಳಿದದ್ದು ಇಷ್ಟು. ದಾರಿಹೋಕರು ಹಣ್ಣು ಕದಿಯುತ್ತಾರೆಂದು ಬೆಳೆಗಾರರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಚಿಮುಕಿಸುತ್ತಿದ್ದರು. ನೀಲಿ ಕಲೆ ಕಂಡರೆ ವಿಷವೆಂದು ಹೆದರಿ ಕೈ ಹಾಕುವುದಿಲ್ಲ ಎಂಬ ಲೆಕ್ಕಾಚಾರ. ಕಳ್ಳರ ಜೊತೆಗೆ ರೋಗವೂ ಹೆದರಿತ್ತು!

ಮಿಲಾರ್ಡೆ ಅಲ್ಲಿಗೆ ಬಿಡಲಿಲ್ಲ. ಪಾಶ್ಚರ್ ಅವರ ಬಳಿ ಕಲಿತ ರಸಾಯನಶಾಸ್ತ್ರಜ್ಞ ಯುಲಿಸ್ ಗೇಯಾನ್ ಅವರನ್ನು ಜೊತೆಗೆ ಕರೆದುಕೊಂಡು ಪ್ರಯೋಗ ನಡೆಸಿ, 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಮೊದಲ ಸೂತ್ರದಲ್ಲಿ 100 ಲೀಟರ್ ನೀರಿಗೆ 8 ಕಿಲೋ ಮೈಲುತುತ್ತ, ಜೊತೆಗೆ 30 ಲೀಟರ್ ನೀರಿನಲ್ಲಿ ಕರಗಿಸಿದ 15 ಕಿಲೋ ಸುಣ್ಣ. ಅದು ಗಾರೆಯಂತೆ ದಪ್ಪ. ಕ್ರಮೇಣ ಪ್ರಮಾಣ ಇಳಿಯುತ್ತಾ ಬಂದು, ಇಂದು ಮಲೆನಾಡಿನ ರೈತರೆಲ್ಲರಿಗೂ ಬಾಯಿಪಾಠವಾಗಿರುವ ಶೇಕಡ 1ರ ದ್ರಾವಣಕ್ಕೆ ನಿಂತಿದೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು.

ತಾಮ್ರ ಬೂಷ್ಟನ್ನು ಕೊಲ್ಲುತ್ತದೆ ಎಂಬುದು ಮಿಲಾರ್ಡೆಗಿಂತ ಮೊದಲೇ ಒಬ್ಬರಿಗೆ ತಿಳಿದಿತ್ತು. ಬೆನೆಡಿಕ್ಟ್ ಪ್ರೆವೋ ಎಂಬ ವಿದ್ವಾಂಸ ಗೋಧಿಯ ರೋಗವೊಂದನ್ನು ಪರೀಕ್ಷಿಸುವಾಗ, ತಾಮ್ರದ ಪಾತ್ರೆಯ ಸಂಪರ್ಕಕ್ಕೆ ಬಂದ ನೀರಿನಲ್ಲಿ ಬೀಜಕಣಗಳು ಮೊಳೆಯುವುದಿಲ್ಲ ಎಂದು ಗಮನಿಸಿ 1807ರಲ್ಲಿ ಬರೆದರು. ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂಬುದನ್ನೇ ಜನ ಒಪ್ಪದ ಕಾಲ ಅದು. ಯಾರೂ ಕಿವಿಗೊಡಲಿಲ್ಲ.

ತಾಮ್ರ ಮತ್ತು ‘ನಿಶ್ಚಿತ ಪ್ರಮಾಣ’

ಡ್ರಮ್ಮಿನೊಳಗೆ ನಡೆಯುವುದೇನು ಎಂದು ತಿಳಿಯಬೇಕಾದರೆ ಇನ್ನೂ ಕೆಲವು ವರ್ಷ ಹಿಂದೆ ಹೋಗಬೇಕು. ಅಲ್ಲಿಯೂ ಎದುರಾಗುವುದು ತಾಮ್ರವೇ. ಜೋಸೆಫ್ ಪ್ರೌಸ್ಟ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಸ್ಪೇನಿನಲ್ಲಿ ಕೆಲಸ ಮಾಡುತ್ತಿದ್ದರು. ಗಣಿಯಲ್ಲಿ ಸಿಗುವ ಹಸಿರು ತಾಮ್ರದ ಕಾರ್ಬೊನೇಟನ್ನೂ ಪ್ರಯೋಗಶಾಲೆಯಲ್ಲಿ ತಾವೇ ತಯಾರಿಸಿದ್ದನ್ನೂ ಬೇರ್ಪಡಿಸಿ ತೂಗಿ ನೋಡಿದರು. ಎರಡರಲ್ಲೂ ತಾಮ್ರದ ಪಾಲು ಒಂದೇ! ವಸ್ತುಗಳು ಮನಬಂದಂತೆ ಕೂಡುವುದಿಲ್ಲ, ತೂಕದ ನಿಶ್ಚಿತ ಪ್ರಮಾಣದಲ್ಲಿಯೇ ಕೂಡುತ್ತವೆ ಎಂದು 1799ರಲ್ಲಿ ಅವರು ಹೇಳಿದರು. ಬರ್ತೊಲೆ ಎಂಬ ಹಿರಿಯ ರಸಾಯನಶಾಸ್ತ್ರಜ್ಞರು ಇದನ್ನು ಒಪ್ಪದೆ ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ ಗೆದ್ದದ್ದು ತಕ್ಕಡಿ.

ಹೀಗೇಕೆ ಎಂದು ವಿವರಿಸಿದವರು ಇಂಗ್ಲೆಂಡಿನ ಜಾನ್ ಡಾಲ್ಟನ್. ನೇಕಾರನ ಮಗ. ಹನ್ನೆರಡನೆಯ ವಯಸ್ಸಿಗೇ ಊರ ಮಕ್ಕಳಿಗೆ ಪಾಠ ಹೇಳಲು ಕುಳಿತ ಮಾಸ್ತರ. ವಸ್ತುಗಳೆಲ್ಲ ಒಡೆಯಲಾಗದ ಕಣಗಳಿಂದ ಆಗಿವೆ. ಒಂದೊಂದು ಧಾತುವಿನ ಕಣಕ್ಕೂ ಅದರದೇ ತೂಕವಿದೆ. ಅವು ಒಂದಕ್ಕೊಂದು, ಒಂದಕ್ಕೆರಡು ಎಂಬಂತೆ ಇಡಿಯಾಗಿ ಕೂಡುತ್ತವೆ. ಆದ್ದರಿಂದಲೇ ತೂಕದ ಪ್ರಮಾಣವೂ ನಿಶ್ಚಿತ. 1803ರಲ್ಲಿ ಹೊಳೆದ ಈ ವಿಚಾರ 1808ರಲ್ಲಿ ಪುಸ್ತಕವಾಗಿ ಬಂತು. ಕಣ ಒಡೆಯುವುದೇ ಇಲ್ಲ ಎಂಬ ಡಾಲ್ಟನ್ನರ ಮಾತು ಮುಂದೆ ಸುಳ್ಳಾಯಿತು. ಆದರೆ ಮೈಲುತುತ್ತದ ಡ್ರಮ್ಮಿನ ಮಟ್ಟಿಗೆ ಅದು ಇಂದಿಗೂ ನಿಜ. ಬಿಡಿ ಪರಮಾಣುಗಳು ಬೇರೆ, ಅವು ಕೂಡಿ ಆಗುವ ಅಣು ಬೇರೆ ಎಂದು ಇಟಲಿಯ ಅವೊಗಾಡ್ರೊ 1811ರಲ್ಲಿ ಸೂಚಿಸಿದರು. ಅದನ್ನು ಜಗತ್ತು ಒಪ್ಪಲು ಐವತ್ತು ವರ್ಷ ಹಿಡಿಯಿತು.

ಈ ಎರಡು ಪದಗಳು ಕನ್ನಡದಲ್ಲಿ ನೆಲೆಗೊಂಡ ಬಗೆಯೂ ಸ್ವಾರಸ್ಯಕರ. ಅಣು, ಪರಮಾಣು ಎರಡೂ ಕಣಾದನ ವೈಶೇಷಿಕ ದರ್ಶನದ ಕಾಲದ ಹಳೆಯ ಸಂಸ್ಕೃತ ಪದಗಳು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದಾಗ ಕನ್ನಡದಲ್ಲಿ ರಸಾಯನಶಾಸ್ತ್ರ ಬರೆಯಲು ಪದಗಳನ್ನೇ ಹುಡುಕಬೇಕಾಗಿತ್ತು. ಪತ್ರಿಕೆ ಎರಡೇ ವರ್ಷ ನಡೆಯಿತು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಇದೇ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು. ವಿಜ್ಞಾನವನ್ನೂ ಕನ್ನಡದಲ್ಲೇ ಕಲಿಸಬೇಕು, ಕಲಿಸಬಹುದು ಎಂಬುದು ಅವರ ಹಟ. ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೆ.ಆರ್. ಲಕ್ಷ್ಮಣರಾಯರು ‘ಪರಮಾಣು ಚರಿತ್ರೆ’ ಬರೆದರು. ಇವರೆಲ್ಲರ ಶ್ರಮದಿಂದ ಪಠ್ಯಪುಸ್ತಕಗಳಲ್ಲಿ ಪರಮಾಣು ಎಂದರೆ ಧಾತುವಿನ ಬಿಡಿ ಕಣ, ಅಣು ಎಂದರೆ ಅವುಗಳ ಕೂಟ ಎಂದು ಖಚಿತವಾಯಿತು. ಪತ್ರಿಕೆಗಳು ಮಾತ್ರ ‘ಅಣುಬಾಂಬ್’, ‘ಅಣು ವಿದ್ಯುತ್’ ಎಂದೇ ಬರೆಯುತ್ತಾ ಬಂದವು. ಪುಸ್ತಕದ ಪ್ರಕಾರ ಅವು ಪರಮಾಣುವಿನ ಕಾರುಬಾರು. ಬೆಳಿಗ್ಗೆ ಪತ್ರಿಕೆ ಓದಿ ಶಾಲೆಗೆ ಹೋಗುವ ಮಕ್ಕಳು ಗೊಂದಲಕ್ಕೆ ಬಿದ್ದರೆ ತಪ್ಪು ಯಾರದು?

ಒಂದು ಕಿಲೋದಲ್ಲಿ ಏನೇನಿದೆ?

ಮೈಲುತುತ್ತ ಎಂಬ ಹೆಸರಿನಲ್ಲೇ ನವಿಲಿದೆ. ಸಂಸ್ಕೃತದಲ್ಲಿ ಅದು ಮಯೂರತುತ್ಥ. ಪುಸ್ತಕದ ಭಾಷೆಯಲ್ಲಿ ತಾಮ್ರದ ಸಲ್ಫೇಟ್. ತಾಮ್ರದ ಒಂದು ಪರಮಾಣು, ಗಂಧಕದ ಒಂದು, ಆಮ್ಲಜನಕದ ನಾಲ್ಕು. ಇವುಗಳ ಜೊತೆಗೆ ನೀರಿನ ಐದು ಅಣುಗಳು ಹರಳಿನೊಳಗೆ ಬಂಧಿಯಾಗಿ ಕುಳಿತಿವೆ. ಪರಮಾಣುಗಳ ತೂಕ ಕೂಡಿಸಿದರೆ ಒಂದು ಘಟಕಕ್ಕೆ ಸುಮಾರು 250. ಅದರಲ್ಲಿ ತಾಮ್ರದ ಪಾಲು 63.5. ಅಂದರೆ ಅಂಗಡಿಯಿಂದ ತಂದ 1 ಕಿಲೋ ಶುದ್ಧ ಮೈಲುತುತ್ತದಲ್ಲಿ ತಾಮ್ರ ಇರುವುದು 254 ಗ್ರಾಂ ಮಾತ್ರ. ಸುಮಾರು 360 ಗ್ರಾಂ ಬರೀ ನೀರು! ಮುಟ್ಟಿದರೆ ಒಣಗಿದಂತಿರುವ ಹರಳಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರಿದೆ ಎಂದರೆ ನಂಬುವುದು ಕಷ್ಟ. ಪ್ರನಾಳದಲ್ಲಿ ಹಾಕಿ ಕಾಯಿಸಿದರೆ ನೀರು ಹೊರಟು ನೀಲಿ ಮಾಯವಾಗಿ ಬಿಳಿ ಪುಡಿ ಉಳಿಯುವುದನ್ನು ಶಾಲೆಯಲ್ಲಿ ತೋರಿಸುತ್ತಾರೆ. ಆ ಒಂದು ಕಿಲೋದಲ್ಲಿ ಇಂತಹ ಘಟಕಗಳು ಎಷ್ಟು? 24ರ ಮುಂದೆ 23 ಸೊನ್ನೆ ಬರೆದರೆ ಎಷ್ಟೋ ಅಷ್ಟು.

ಮೈಲುತುತ್ತವನ್ನು ಬರೀ ನೀರಿನಲ್ಲಿ ಕರಗಿಸಿ ಹೊಡೆದರೆ ಕೊಳೆಯ ಬೀಜಕಣ ಸಾಯುತ್ತದೆ, ಎಳೆಗಾಯಿಯೂ ಸುಟ್ಟುಹೋಗುತ್ತದೆ. ಮರುದಿನ ಮಳೆ ಬಂದರೆ ಉಳಿದದ್ದೆಲ್ಲ ನೆಲದ ಪಾಲು. ಇಲ್ಲಿಯೇ ಸುಣ್ಣದ ಕೆಲಸ. ಸುಣ್ಣದ ನೀರು ಸೇರಿದೊಡನೆ ತಾಮ್ರ ತನ್ನ ಜೊತೆಗಾರನನ್ನು ಬಿಟ್ಟು, ನೀರಿನಲ್ಲಿ ಸುಲಭವಾಗಿ ಕರಗದ ರೂಪಕ್ಕೆ ತಿರುಗುತ್ತದೆ. ಸುಣ್ಣದ ಕ್ಯಾಲ್ಸಿಯಂ ಸಲ್ಫೇಟಿನ ಜೊತೆ ಸೇರಿ ಜಿಪ್ಸಂ ಆಗುತ್ತದೆ. ತಿಳಿ ನೀಲಿ ಗಂಜಿ ಎಂದು ಕಾಣುವುದು ಇವೆರಡರ ಬಹು ನುಣುಪಾದ ಕಣಗಳು. ಕಾಯಿಯ ಮೇಲೆ ಒಣಗಿದಾಗ ಅವು ಪೊರೆಯಾಗಿ ಅಂಟುತ್ತವೆ. ಮುಂದೆ ಮಳೆಯ ಹನಿ ಬಿದ್ದಾಗಲೆಲ್ಲ ತಾಮ್ರದ ಕೆಲವೇ ಕಣಗಳು ಬಿಡಿಸಿಕೊಂಡು ನೀರಿಗಿಳಿಯುತ್ತವೆ. ಈಜಿ ಬಂದ ಬೀಜಕಣವನ್ನು ಹೊಕ್ಕು ಅದರ ಕಿಣ್ವಗಳ ಕೆಲಸ ಕೆಡಿಸಲು ಅಷ್ಟು ಸಾಕು.

ಲೆಕ್ಕದ ಪ್ರಕಾರ 1 ಕಿಲೋ ಮೈಲುತುತ್ತದ ತಾಮ್ರವನ್ನು ಪೂರ್ತಿ ಹಿಡಿಯಲು ಸುಮಾರು 225 ಗ್ರಾಂ ಶುದ್ಧ ಸುಟ್ಟ ಸುಣ್ಣ ಸಾಕು. ಹಾಗಿದ್ದೂ ಒಂದು ಕಿಲೋ ಏಕೆ? ಒಂದು ಕಾರಣ ಸುಣ್ಣದ ಗುಣ. ಗೂಡಿನಿಂದ ತೆಗೆದ ಸುಣ್ಣ ಗಾಳಿಗೆ ಬಿದ್ದರೆ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಿನ ಪುಡಿಯಾಗುತ್ತದೆ. ಕಳೆದ ವರ್ಷದ ಉಳಿದ ಚೀಲದ ಸುಣ್ಣ ನೋಡಲು ಬಿಳಿ, ಕೆಲಸಕ್ಕೆ ಬಾರದು. ಇನ್ನೊಂದು ಕಾರಣ, ಹೆಚ್ಚಿನ ಸುಣ್ಣ ತಾಮ್ರವನ್ನು ಬಿಗಿಯಾಗಿ ಹಿಡಿದು ಎಳೆಗಾಯಿ ಸುಡದಂತೆ ಕಾಯುತ್ತದೆ. ಹಾಗೆಂದು ಸುರಿದಷ್ಟೂ ಒಳ್ಳೆಯದಲ್ಲ. ಅತಿಯಾದರೆ ತಾಮ್ರ ಬಿಡಿಸಿಕೊಳ್ಳುವುದೇ ಇಲ್ಲ; ಪೊರೆ ಇದ್ದೂ ಇಲ್ಲದಂತೆ.

ಸುಣ್ಣ ಸಾಕಾಯಿತೇ ಎಂದು ಹೇಳುವುದು ಕತ್ತಿ. ಕಬ್ಬಿಣ ತಾಮ್ರಕ್ಕಿಂತ ಚುರುಕಾದ ಲೋಹ. ದ್ರಾವಣದಲ್ಲಿ ಬಿಡಿ ತಾಮ್ರ ಉಳಿದಿದ್ದರೆ ಕತ್ತಿಯ ಕಬ್ಬಿಣದ ಪರಮಾಣುಗಳು ಕರಗಿ ಆ ಜಾಗ ಹಿಡಿಯುತ್ತವೆ, ತಾಮ್ರ ಹೊರಬಿದ್ದು ಅಲಗಿಗೆ ಅಂಟುತ್ತದೆ. ಅದೇ ಕೆಂಪು. ಕಬ್ಬಿಣದ ಡ್ರಮ್ಮಿನಲ್ಲಿ ಬೋರ್ಡೋ ಮಾಡಬಾರದು ಎಂಬ ಕಟ್ಟಳೆಗೂ ಇದೇ ಕಾರಣ. ಡ್ರಮ್ಮಿನ ಗೋಡೆಯೇ ದೊಡ್ಡದೊಂದು ಕತ್ತಿ; ಹಣ ಕೊಟ್ಟು ತಂದ ತಾಮ್ರವನ್ನು ಮರಕ್ಕೆ ಬಿಡದೆ ತಾನೇ ಬಳಿದುಕೊಳ್ಳುತ್ತದೆ. ಹಿಂದೆ ಮಣ್ಣಿನ ಬಾನಿ, ಮರದ ಪೀಪಾಯಿ ಇದ್ದವು. ಪ್ಲಾಸ್ಟಿಕ್ ಬಂದ ಮೇಲೆ ಈ ತಾಪತ್ರಯ ತಪ್ಪಿದೆ.

50 ಲೀಟರ್ ನೀರಿನಲ್ಲಿ ಕರಗಿಸಿದ ಮೈಲುತುತ್ತವನ್ನು 50 ಲೀಟರ್ ಸುಣ್ಣದ ನೀರಿಗೆ ಸುರಿಯಬೇಕು, ಅಥವಾ ಎರಡನ್ನೂ ಒಟ್ಟಿಗೆ ಮೂರನೆಯ ಪಾತ್ರೆಗೆ. ಮೈಲುತುತ್ತದ ಮೇಲೆ ಸುಣ್ಣ ಸುರಿದರೆ ಕಣಗಳು ದಪ್ಪವಾಗಿ ಬೇಗ ತಳ ಸೇರುತ್ತವೆ, ಕಾಯಿಗೆ ಸರಿಯಾಗಿ ಹಿಡಿಯುವುದಿಲ್ಲ. ಬೆಳಿಗ್ಗೆ ಮಾಡಿದ್ದು ಅಂದೇ ಖಾಲಿಯಾಗಬೇಕು. ರಾತ್ರಿ ಕಳೆದರೆ ನುಣುಪು ಕಣಗಳು ಹರಳುಗಟ್ಟಿ ಅಂಟುವ ಗುಣ ಹೋಗುತ್ತದೆ. ಅಳತೆ ಸರಿಯಿದ್ದೂ ‘ಔಷಧಿ ಹೊಡೆದರೂ ಕೊಳೆ ನಿಲ್ಲಲಿಲ್ಲ’ ಎನ್ನುವವರ ಸೋಲು ಎಷ್ಟೋ ಸಲ ಇಂತಹ ಸಣ್ಣ ಸಂಗತಿಗಳಲ್ಲಿ ಅಡಗಿರುತ್ತದೆ.

ಮರದ ತಲೆಗೆ ಏರಿಸುವ ಪಾಡು

ಬೋರ್ಡೋದ ದ್ರಾಕ್ಷಿಬಳ್ಳಿ ಆಳೆತ್ತರ. ಅಡಿಕೆ ಮರ ನಲವತ್ತು ಐವತ್ತು ಅಡಿ. ಅಲ್ಲಿಯ ಮಳೆಗೂ ಇಲ್ಲಿಯ ಮಳೆಗೂ ಹೋಲಿಕೆಯೇ ಇಲ್ಲ. ಆದ್ದರಿಂದ ಫ್ರಾನ್ಸಿನ ಔಷಧಿಯನ್ನು ಮಲೆನಾಡಿಗೆ ಒಗ್ಗಿಸುವುದೇ ಒಂದು ಕೆಲಸವಾಯಿತು. ರಾಳವನ್ನು ವಾಷಿಂಗ್ ಸೋಡಾದ ಜೊತೆ ಕುದಿಸಿ ಸಾಬೂನಿನಂತೆ ಮಾಡಿ, ಅಂಟಾಗಿ ಬೆರೆಸುವ ಕ್ರಮ ಹೀಗೆ ಬಳಕೆಗೆ ಬಂತು. ನೆಲದ ಮೇಲೆ ಒಬ್ಬರು ಪಂಪು ಒತ್ತುತ್ತಾರೆ, ಉದ್ದನೆಯ ಪೈಪು ಹಿಡಿದು ಕೊನೆಗಾರ ಮೇಲಿರುತ್ತಾನೆ. ಒಂದು ಮರದಿಂದ ಇನ್ನೊಂದಕ್ಕೆ, ನೆಲಕ್ಕಿಳಿಯದೆ, ಮರವನ್ನೇ ಬಾಗಿಸಿ ದಾಟುವವನು ಅವನು. ಅವನ ಮೈಮೇಲೆಲ್ಲ ನೀಲಿ ತುಂತುರು. ಮೈಲುತುತ್ತ ವಿಷ ಎಂಬುದು ಎಲ್ಲರಿಗೂ ಗೊತ್ತು. ಆದರೂ ಕಣ್ಣು, ಮೂಗಿಗೆ ರಕ್ಷಣೆ ಕಟ್ಟಿಕೊಂಡು ಮರ ಹತ್ತುವವರು ಅಪರೂಪ. ಔಷಧಿಯ ಚರಿತ್ರೆಯಲ್ಲಿ ಮಿಲಾರ್ಡೆ, ಕೋಲ್‌ಮನ್ ಹೆಸರು ಉಳಿದಿದೆ. ಒದ್ದೆ ಮರದಿಂದ ಜಾರಿ ಬಿದ್ದ ಕೊನೆಗಾರರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಈಚಿನ ವರ್ಷಗಳಲ್ಲಿ ನೆಲದ ಮೇಲೆ ನಿಂತೇ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಕೊನೆಗಾರರು ಸಿಗದ ಈ ಕಾಲಕ್ಕೆ ಅವು ಆಸರೆಯಾಗಿವೆ.

ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40ರಿಂದ 45 ದಿನಗಳ ನಂತರ. ಪುಸ್ತಕ ಹೇಳುವುದು ಇಷ್ಟು. ಆದರೆ ಆ 45ನೆಯ ದಿನ ಬರುವುದು ಪುನರ್ವಸು, ಪುಷ್ಯ ಮಳೆಗಳ ಅಬ್ಬರದಲ್ಲಿ! ಎರಡು ಗಂಟೆ ಹೊಳವಾಗುವುದನ್ನೇ ಕಾದು, ಡ್ರಮ್ಮು ತುಂಬಿಸಿ, ಮತ್ತೆ ಮೋಡ ಕವಿದಾಗ ಕೈಚೆಲ್ಲಿ ಕುಳಿತವರ ಸಂಕಟ ಹೇಳತೀರದು. ಮಳೆಗಾಲ ಉದ್ದವಾದ ವರ್ಷ ಮೂರನೆಯ ಸಲವೂ ಹೊಡೆಯಬೇಕಾಗುತ್ತದೆ.

ಹೋಗದೆ ಉಳಿಯುವ ತಾಮ್ರ

ಶಾಲೆಯ ಪಾಠದ ಇನ್ನೊಂದು ಮಾತು ಇಲ್ಲಿ ನೆನಪಿಗೆ ಬರಬೇಕು. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳು ಹುಟ್ಟುವುದಿಲ್ಲ, ಸಾಯುವುದಿಲ್ಲ, ಜಾಗ ಬದಲಿಸುತ್ತವೆ ಅಷ್ಟೆ. ಹಲವು ಆಧುನಿಕ ಕೀಟನಾಶಕಗಳು ಬಿಸಿಲಿಗೆ, ಮಣ್ಣಿನ ಜೀವಾಣುಗಳಿಗೆ ಸಿಕ್ಕಿ ಒಡೆದು ಬೇರೆ ವಸ್ತುಗಳಾಗುತ್ತವೆ. ತಾಮ್ರ ಒಡೆದು ಏನಾಗಬೇಕು? ಅದು ಧಾತು. ಕಾಯಿಯ ಮೇಲಿನಿಂದ ಮಳೆಗೆ ಇಳಿದರೆ ಮರದ ಬುಡದಲ್ಲಿ ಇರುತ್ತದೆ. ಅಜ್ಜನ ಕಾಲದಲ್ಲಿ ಹೊಡೆದ ಔಷಧಿಯ ತಾಮ್ರದ ದೊಡ್ಡ ಪಾಲು ಮೊಮ್ಮಗನ ಕಾಲಕ್ಕೂ ಅದೇ ತೋಟದ ಮೇಲ್ಮಣ್ಣಿನಲ್ಲಿ ಉಳಿಯಬಹುದು.

ಎಕರೆಗೆ ಒಂದು ಸಿಂಪಡಣೆಗೆ 500 ಲೀಟರ್ ಎಂದು ಲೆಕ್ಕಕ್ಕೆ ಹಿಡಿದರೆ, 5 ಕಿಲೋ ಮೈಲುತುತ್ತ; ಅದರಲ್ಲಿ ತಾಮ್ರ ಸುಮಾರು 1.27 ಕಿಲೋ. ವರ್ಷಕ್ಕೆ ಎರಡು ಸಲವೆಂದರೆ ಎರಡೂವರೆ ಕಿಲೋ. ಹೆಕ್ಟೇರಿಗೆ ಪರಿವರ್ತಿಸಿದರೆ ಆರು ಕಿಲೋಗೂ ಮೇಲೆ. ಬೋರ್ಡೋ ಹುಟ್ಟಿದ ಯುರೋಪಿನಲ್ಲಿ 2019ರಿಂದ ಹೆಕ್ಟೇರಿಗೆ 7 ವರ್ಷಗಳಲ್ಲಿ 28 ಕಿಲೋ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋ ತಾಮ್ರದ ಮಿತಿ ಹಾಕಲಾಗಿದೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಹೊಡೆದ ಅಲ್ಲಿನ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ತಾಮ್ರ ಶೇಖರವಾಗಿರುವುದೇ ಇದಕ್ಕೆ ಕಾರಣ.

ಗಾಬರಿ ಪಡುವ ಮೊದಲು ಇನ್ನೊಂದು ಮುಖವನ್ನೂ ನೋಡಬೇಕು. ತಾಮ್ರ ಗಿಡಕ್ಕೆ ಅಲ್ಪ ಪ್ರಮಾಣದಲ್ಲಿ ಬೇಕೇ ಬೇಕಾದ ಪೋಷಕ. ಮಣ್ಣಿನ ಸಾವಯವ ಅಂಶ ಅದನ್ನು ಬಿಗಿಯಾಗಿ ಹಿಡಿದು ಬೇರಿಗೆ ಸುಲಭವಾಗಿ ಸಿಗದಂತೆ ಮಾಡುತ್ತದೆ. ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ವರ್ಷವರ್ಷವೂ ಮರದ ಬುಡಕ್ಕೆ ಹಾಕುವ ಮಲೆನಾಡಿನ ಹಳೆಯ ಪದ್ಧತಿ ಹೀಗೆ ಅರಿವಿಲ್ಲದೆಯೇ ತಾಮ್ರಕ್ಕೂ ಕಡಿವಾಣ ಹಾಕುತ್ತಿತ್ತು. ಮಣ್ಣು ಹುಳಿಯಾದಷ್ಟೂ ತಾಮ್ರ ಸಡಿಲವಾಗುತ್ತದೆ. ಅತಿ ಮಳೆಯ ಈ ಸೀಮೆಯ ಮಣ್ಣು ಸ್ವಭಾವತಃ ಹುಳಿ. ಸೊಪ್ಪು ಕಡಿಮೆಯಾಗಿ, ಕೊಟ್ಟಿಗೆ ಖಾಲಿಯಾಗಿ, ಔಷಧಿ ಮಾತ್ರ ಹಾಗೆಯೇ ಮುಂದುವರಿದರೆ ಲೆಕ್ಕ ಏರುಪೇರಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸುವವರು ಸಾರಜನಕ, ರಂಜಕ, ಪೊಟ್ಯಾಷ್ ಅಷ್ಟನ್ನೇ ಕೇಳದೆ ತಾಮ್ರದ ಅಂಕಿಯನ್ನೂ ಕೇಳಿ ಪಡೆಯುವುದು ಒಳ್ಳೆಯದು.

ಈ ನಡುವೆ ಸಂಶೋಧನೆ ನಿಂತಿಲ್ಲ. ದಕ್ಷಿಣ ಕನ್ನಡದ ವಿಟ್ಲದಲ್ಲಿ 1956ರಲ್ಲಿ ಅಡಿಕೆಗಾಗಿಯೇ ಕೇಂದ್ರ ಆರಂಭವಾಯಿತು. ತೀರ್ಥಹಳ್ಳಿ ಬಳಿಯ ಸೀಬಿನಕೆರೆಯಲ್ಲೂ ಸಂಶೋಧನಾ ಕೇಂದ್ರವಿದೆ. ಕೋಲ್‌ಮನ್ ಇಟ್ಟ ಹೆಸರನ್ನು ವಿಜ್ಞಾನಿಗಳು ಕೈಬಿಟ್ಟು, ಆ ಜೀವಿಯನ್ನು ಬೇರೆ ಫೈಟಾಫ್ತೋರಗಳ ಜೊತೆ ಸೇರಿಸಿದ್ದಾರೆ. ಶಿಲೀಂಧ್ರ ಎಂದು ಎಲ್ಲರೂ ಕರೆಯುತ್ತಿದ್ದ ಅದು ನಿಜವಾದ ಶಿಲೀಂಧ್ರವೇ ಅಲ್ಲ, ಸಮುದ್ರದ ಕಂದು ಪಾಚಿಗಳ ದೂರದ ನೆಂಟ ಎಂದೂ ತಿಳಿದಿದೆ. ಈಜುವ ಬೀಜಕಣಗಳ ಗುಟ್ಟು ಇದೇ ನೆಂಟಸ್ತಿಕೆಯಲ್ಲಿದೆ. ಕೊಟ್ಟೆಯೂ ಹೊಸ ರೂಪದಲ್ಲಿ ಮರಳಿದೆ. ಕರಡದ ಬದಲು ಪ್ಲಾಸ್ಟಿಕ್ ಹಾಳೆ.

ಕೆಲವು ವರ್ಷಗಳಿಂದ ಮೂರೂ ತಾಲ್ಲೂಕುಗಳ ತೋಟಗಳನ್ನು ಎಲೆಚುಕ್ಕಿ ರೋಗ ಕಾಡುತ್ತಿದೆ. ಅದನ್ನು ತರುವುದು ಬೇರೆಯೇ ಶಿಲೀಂಧ್ರ. ಅದು ಕಾಯಿಗಿಂತ ಹೆಚ್ಚಾಗಿ ಸೋಗೆಯನ್ನು ಹಿಡಿಯುತ್ತದೆ. ಅದಕ್ಕೂ ಮೊದಲು ನೆನಪಾದದ್ದು ಡ್ರಮ್ಮಿನ ನೀಲಿ ದ್ರಾವಣವೇ. ಆದರೆ ಕೊನೆಗೆ ಮಾತ್ರ ಹೊಡೆಯುತ್ತಿದ್ದವರು ಈಗ ಇಡೀ ತಲೆಗೆ, ಸೋಗೆಯ ಅಡಿಗೂ ಮೇಲಕ್ಕೂ ಹೊಡೆಯಬೇಕು. ಮರವೊಂದಕ್ಕೆ ಬೇಕಾಗುವ ದ್ರಾವಣ ಅಷ್ಟರಮಟ್ಟಿಗೆ ಹೆಚ್ಚು, ಬುಡಕ್ಕೆ ಇಳಿಯುವ ತಾಮ್ರವೂ ಹೆಚ್ಚು.